ಮುಷ್ಟಿಯೊಳಗಿನ ಭಂಡಾರ

ಮಂಗಸೂಳಿ
೧೨ ಜನವರಿ ೨೦೨೫

ದಾಜಿ ಬಾಬಾಸಾಹೇಬರಿಗೆ, ನಿಮ್ಮ ಹೆಂಡತಿಯ ಅಣ್ಣ ಮುರಗೆಪ್ಪನ ನಮಸ್ಕಾರಗಳು.

ನನ್ನ ದನಿ ಕೇಳಿದ ಕೂಡಲೇ ನೀವು ಫೋನು ಇಡುತ್ತೀರಿ. ಇಡಿರಿ. ಪತ್ರದ ಬಾಯಿ ಮುಚ್ಚುವುದು ಅಷ್ಟು ಸುಲಭವಲ್ಲ. ಹರಿದು ಒಗೆಯುವಾಗಲೂ ಎರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ಅದಕ್ಕೇ ಮುಖ್ಯವಾದದ್ದನ್ನು ಮೇಲೆಯೇ ಬರೆಯುತ್ತೇನೆ. ನಿಮ್ಮ ಮಗ ದುಂಡೇಶನನ್ನು ಮೊನ್ನೆ ಚಿಕ್ಕೋಡಿ ಕೋರ್ಟಿನಲ್ಲಿ ನೋಡಿದೆ. ತಾನು ನಿಂತಿರುವುದು ಕೋರ್ಟು ಎಂಬುದು ಅವನಿಗೆ ಗೊತ್ತಿಲ್ಲ!

ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಅಂದು ನಡೆದದ್ದು ನಿಮ್ಮ ಕಿವಿಗೆ ಪೊಲೀಸರ ಬಾಯಿಂದ ಬಂದಿರುತ್ತದೆ. ನನಗೆ ಹೇಳಿದವನು ಗಾಡಿಯವನೇ, ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಹೊಡೆಯಲು ಬಂದ ಸಮಾಧಾನ ಎಂಬವನು. ಮಟಮಟ ಮಧ್ಯಾಹ್ನ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು. ಗಾಡಿಯವರು ಬೇವಿನ ನೆರಳಿಗೆ ಬುತ್ತಿ ಬಿಚ್ಚಿದ್ದಾರೆ. ನಮ್ಮ ದುಂಡೇಶ ಒಂದು ತುದಿಯಿಂದ ಹಿಡಿದು ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತ, ಒಂದೊಂದರ ಕಿವಿಯಲ್ಲಿ "ನಡೀರಿ, ಮನೀಗೆ ನಡೀರಿ" ಎನ್ನುತ್ತ ಬಂದ. ಎತ್ತುಗಳೂ ಎಂಥ ಸಂಭಾವಿತ ಎತ್ತುಗಳು! ಸಾಲು ಮುರಿಯದೆ ಕಾಲುವೆ ದಾರಿ ಹಿಡಿದು ಹೊರಟವಂತೆ, ಮದುವೆಯ ವರಾತದ ಹಾಗೆ. ಸಂಜೆಗೆ ಎಲ್ಲ ತಾವೇ ಹೊರಳಿ ಬಂದವು, ಸಮಾಧಾನನ ಎಡಎತ್ತು ಒಂದನ್ನು ಬಿಟ್ಟು. ಅದು ಕಾಲುವೆಗೆ ಬಿದ್ದು ಸತ್ತಿತ್ತು. ಹೀಗಾಗಿ ಕೇಸು.

ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಕೇಳಿದರು, "ನಿನ್ನ ಹೆಸರೇನಪಾ?"

"ನಾ ಬರೋಬರ ಅದೀನ್ರಿ. ತಪ್ಪಾತ್ರಿ."

"ವಕೀಲರನ್ನ ಇಟ್ಟೀಯೇನು?"

"ನಾ ಬರೋಬರ ಅದೀನ್ರಿ. ತಪ್ಪಾತ್ರಿ."

ಹಿಂದೆ ಕುಳಿತ ಯಾರೋ ನಕ್ಕರು. ಸರ್ಕಾರದ ಕಡೆಯಿಂದ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರಲ್ಲ, ಹಾಗೆ ಬಂದವಳು ನಿಪ್ಪಾಣಿಯ ನೀಲಮ ಎಂಬ ಹುಡುಗಿ. ಅವಳು ಮಾತ್ರ ನಗಲಿಲ್ಲ. ಎದ್ದು ನಿಂತು ತಾರೀಖು ಕೇಳಿ ತೆಗೆದುಕೊಂಡಳು. ಹೊರಗೆ ನನ್ನನ್ನು ಹಿಡಿದು, "ಮಾಮಾ, ಅವರು 'ತಪ್ಪಾತು' ಅನ್ನಾಕತ್ತಾರ. ಯಾವ ತಪ್ಪು ಅಂತ ಕೇಳಿದ್ರ ಗೊತ್ತಿಲ್ಲ. ಹಿಂಗ ಬಿಟ್ರ ಶಿಕ್ಷಾ ಆಗಿ ಕೂಡತೈತಿ. ಮನಿಯವರು ಎಲ್ಲಿ?" ಎಂದಳು.

ಮನೆಯವರು ಕಬ್ಬೂರಿನಲ್ಲಿದ್ದಾರೆ ಎಂದೆ. ಬರುತ್ತಾರೋ ಇಲ್ಲವೋ ಹೇಳಲಿಲ್ಲ.

ಇನ್ನೊಂದು. ಹುಡುಗ ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ಜೈಲಿನಲ್ಲಿ ಎಡಗೈಯಿಂದ ಉಣ್ಣುತ್ತಾನಂತೆ. ಗಾಯವಾಗಿದೆಯೇ? ನಿಮಗೆ ಏನಾದರೂ ಗೊತ್ತೇ?

ಉತ್ತರದ ದಾರಿ ಕಾಯುವ
ಮುರಗೆಪ್ಪ


ಕಬ್ಬೂರ
೧೮ ಜನವರಿ ೨೦೨೫

ಮುರಗೆಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ನಮ್ಮ ಮನೆಯಲ್ಲಿ ಹುಚ್ಚರಿಲ್ಲ. ಈ ಮಾತನ್ನು ನನ್ನ ಮಗಳು ಸ್ನೇಹಲಳ ಮದುವೆಯ ಪಂಕ್ತಿಯಲ್ಲಿ, ಬೀಗರ ಮುಂದೆ, ನೀವು "ದುಂಡೇಶನನ್ನು ಡಾಕ್ಟರಿಗೆ ತೋರಿಸಿ" ಎಂದ ದಿನವೇ ಹೇಳಿದ್ದೇನೆ. ಅವನು ತಪ್ಪು ಮಾಡಿದ್ದಾನೆ, ಒಪ್ಪಿಕೊಂಡಿದ್ದಾನೆ. ಶಿಕ್ಷೆ ಮುಗಿಸಿ ಮನೆಗೆ ಬರುತ್ತಾನೆ. ಆ ವಕೀಲ ಹುಡುಗಿಗೆ ತಾರೀಖು ಬೆಳೆಸಬೇಡ ಎಂದು ಹೇಳಿ.

ಬಾಬಾಸಾಹೇಬ


ಮಂಗಸೂಳಿ
೨೭ ಜನವರಿ ೨೦೨೫

ದಾಜಿ,

ಉತ್ತರ ಬಂತು! ನೀವು ಬೈದು ಬರೆದದ್ದಾದರೂ ಪೋಸ್ಟಮನ್‌ನಿಗೆ ಚಹಾ ಕುಡಿಸಿ ಕಳಿಸಿದೆ. ಇಷ್ಟು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ.

ಈಗ ಸುದ್ದಿ. ನೀಲಮ ಅರ್ಜಿ ಹಾಕಿದಳು, ಸಾಹೇಬರು ಡಾಕ್ಟರಿಗೆ ತೋರಿಸಲು ಹೇಳಿದರು. ಮನಸ್ಸಿನ ಡಾಕ್ಟರು ಬಹಳ ಶಾಂತ ಮನುಷ್ಯ. ಹುಡುಗನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, "ನಿದ್ದಿ ಬರತೈತೇನು? ಯಾರರೆ ಮಾತಾಡಿದಂಗ ಕೇಳಸತೈತೇನು?" ಎಂದರು. ಹುಡುಗನ ಕಣ್ಣಲ್ಲಿ ನೀರು ಬಂತು ದಾಜಿ, ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, "ನಾ ಬರೋಬರ ಅದೀನ್ರಿ" ಎಂದ.

ಬಾಗಿಲ ಬಳಿ ಬಂದು ಡಾಕ್ಟರು ಹೇಳಿದರು, "ಈ ಹುಡುಗ ಹೇಳಂಗಿಲ್ಲ ಅಂತಲ್ಲ. ಹೇಳಾಕ ಅಂಜಾಕತ್ತಾನ. ಒಮ್ಮೆ ನೋಡಿ ಬರಕೊಡಾಕ ಆಗಂಗಿಲ್ಲ. ಮನಿಯವರು ಬರಬೇಕು, ಮೊದಲಿಂದ ಹೆಂಗಿದ್ದ ಅನ್ನೂದು ಹೇಳಬೇಕು."

ಆ ಎತ್ತಿನ ಸಮಾಧಾನನೂ ಬಂದಿದ್ದ. ಹುಡುಗನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬಂದಿದ್ದಾನೆ ಎಂದು ನಾನು ತೋಳು ಮಡಚಿಕೊಂಡೇ ನಿಂತೆ. ಅವನೋ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, "ಕಾಕಾ, ನನ್ನ ರಾಜಾ ಎತ್ತು ಸತ್ತಾಗ ಈ ಪೋರಗಾ ಅದರ ಕೊರಳ ಹಿಡಕೊಂಡು ನನ್ನಕಿಂತ ಜಾಸ್ತಿ ಅತ್ತಾನ. 'ಹಾದಿ ಬರೋಬರ ಹೇಳಲಿಲ್ಲ ನಾ, ಮಾಫ್ ಮಾಡು' ಅಂತ ಎತ್ತಿಗೆ ಕೈ ಮುಗದಾನ. ಹಿಂತಾವ್ನ ಜೇಲಿನ್ಯಾಗ ಇಟ್ಟು ನನಗೇನ ಆಗೂದೈತಿ?" ಎಂದ.

ನೀಲಮ ನನಗೆ ಒಂದು ಮಾತು ಹೇಳಿದಳು. ನನ್ನ ತಲೆಗೆ ಇಳಿದ ಹಾಗೆ ನಿಮಗೆ ಹೇಳುತ್ತೇನೆ. ಕುಸ್ತಿ ಇಡುವಾಗ ಪಂಚರು ಏನು ನೋಡುತ್ತಾರೆ? ಇಬ್ಬರಿಗೂ ಮೈಯಲ್ಲಿ ಕಸುವು ಇದೆಯೇ ಎಂದು. ಜ್ವರ ಬಂದು ಮಲಗಿದವನನ್ನು ಎಬ್ಬಿಸಿ ತಂದು ಅಖಾಡದಲ್ಲಿ ಒಗೆದು, "ಬಿದ್ದ ನೋಡು, ಸೋತ" ಎನ್ನುವುದು ಕುಸ್ತಿಯಲ್ಲ. ಕೋರ್ಟೂ ಹಾಗೆಯೇ ಅಂತೆ. ತನ್ನ ಮೇಲಿನ ದೂರು ಏನು, ವಕೀಲರಿಗೆ ಏನು ಹೇಳಬೇಕು, ಇದು ತಿಳಿಯದ ಸ್ಥಿತಿಯಲ್ಲಿ ಇರುವವನ ಮೇಲೆ ವಿಚಾರಣೆ ನಡೆಸುವ ಹಾಗಿಲ್ಲ. ಅವನು ಸುಧಾರಿಸುವವರೆಗೆ ಕಾಯಬೇಕು. ಇದು ಯಾರೋ ಕನಿಕರಪಟ್ಟು ಕೊಡುವ ರಿಯಾಯಿತಿ ಅಲ್ಲ ದಾಜಿ, ಅವನ ಹಕ್ಕು! ನೀಲಮ "ಹಕ್ಕು" ಎನ್ನುವಾಗ ತನ್ನ ಫೈಲಿಗೆ ಒಂದು ಗುದ್ದು ಹಾಕಿದಳು, ಪಕ್ಕದ ವಕೀಲರ ಚಹಾ ಚೆಲ್ಲಿತು.

ಬನ್ನಿರಿ. ನನ್ನ ಜೊತೆ ಮಾತಾಡಬೇಡಿ, ಡಾಕ್ಟರ ಜೊತೆ ಮಾತಾಡಿ.

ಮುರಗೆಪ್ಪ


ಕಬ್ಬೂರ
೩ ಫೆಬ್ರುವರಿ

ಅಣ್ಣಾ,

ಇವರು ತೋಟಕ್ಕೆ ಹೋಗಿದ್ದಾರೆ. ಬೇಗ ಬೇಗ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅವನ ಕೈಗೆ ಗಾಯವಾಗಿಲ್ಲ. ಪೊಲೀಸರು ಬಾಗಿಲಿಗೆ ಬಂದಾಗ ಇವರು ದೇವರ ಜಗುಲಿಯಿಂದ ಮಲ್ಲಯ್ಯನ ಭಂಡಾರದ ಅರಿಶಿನ ಪುಡಿ ತೆಗೆದು ಅವನ ಬಲಗೈಯಲ್ಲಿ ಹಾಕಿ ಮುಷ್ಟಿ ಮುಚ್ಚಿಸಿದರು. "ಯಾರು ಏನ ಕೇಳಿದ್ರೂ, ನಾ ಬರೋಬರ ಅದೀನಿ, ತಪ್ಪಾತು, ಇಷ್ಟ ಹೇಳಬೇಕು. ಬ್ಯಾರೆ ಮಾತಾಡಿದಿ ಅಂದ್ರ ಮಲ್ಲಯ್ಯನ ಆಣಿ" ಎಂದರು. ನಾವೆಲ್ಲ ಭಂಡಾರ ಹಿಡಿದು ಆಣೆ ಮಾಡುತ್ತೇವೆ, ಆಮೇಲೆ ಹಣೆಗೆ ಹಚ್ಚಿಕೊಂಡು ಕೈ ಝಾಡಿಸುತ್ತೇವೆ. ಇವರು ಝಾಡಿಸು ಎಂದು ಹೇಳುವುದರೊಳಗೆ ಜೀಪು ಹೊರಟಿತು. ಅವನು ಇನ್ನೂ ಹಿಡಿದೇ ಇದ್ದಾನೆ.

ಇವರ ಮೇಲೆ ಸಿಟ್ಟಾಗಬೇಡ. ಇವರ ಅಣ್ಣ ಹಾಲಸಿದ್ದ ಇದ್ದರಲ್ಲ, ನನ್ನ ಮದುವೆಗಿಂತ ಮೊದಲು, ಅವರಿಗೂ ಹೀಗೆಯೇ ಆಗಿತ್ತಂತೆ. ಧಾರವಾಡದ ಆಸ್ಪತ್ರೆಗೆ ಒಯ್ದು ಬಿಟ್ಟರು. ಮತ್ತೆ ಬರಲಿಲ್ಲ. ಇವರು ಆಗ ಚಿಕ್ಕವರು, ಬಸ್ಸಿನ ಹಿಂದೆ ಓಡಿದ್ದರಂತೆ. "ಕಳ್ಳ ಒಂದಿನ ಮನೀಗ ಬರತಾನ, ಹುಚ್ಚ ಅಂತ ಬರಸಕೊಂಡಾಂವ ಬರಂಗಿಲ್ಲ" ಎಂದು ಒಬ್ಬರೇ ಅಂದುಕೊಳ್ಳುತ್ತಾರೆ.

ಗೋಧಿ ಹುಗ್ಗಿ ಮಾಡಿದ ದಿನ ನನ್ನ ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ. ಅವನಿಗೆ ಅದು ಬಲಗೈಯಿಂದ ಉಂಡರೇ ರುಚಿ.

ಗಿರಿಜವ್ವ


ಮಂಗಸೂಳಿ
೬ ಫೆಬ್ರುವರಿ ೨೦೨೫

ದಾಜಿ,

ಸಿಕ್ಕಿತು! ಕಥೆಯ ಬೀಗದ ಕೈ ಸಿಕ್ಕಿತು! ಹೇಗೆ ಸಿಕ್ಕಿತು ಎಂದು ಕೇಳಬೇಡಿ, ಮನೆಯಲ್ಲಿ ಯಾರನ್ನೂ ಬೈಯಬೇಡಿ.

ಕೇಳಿದ ದಿನವೇ ನಮ್ಮ ಮಲ್ಲಯ್ಯನ ಗುಡಿಗೆ ಓಡಿ ಭಂಡಾರ ಕಟ್ಟಿಸಿಕೊಂಡು ಉಗಾರ, ಕುಡಚಿ, ರಾಯಬಾಗ ಎಂದು ಬಸ್ಸು ಬದಲಿಸುತ್ತ ಜೈಲಿಗೆ ಹೋದೆ. ಗೇಟಿನವನು ಪೊಟ್ಟಣ ಮೂಸಿ ನೋಡಿದ. "ಏನ್ರೀ ಇದು?"

"ಭಂಡಾರ್ರಿ. ಮಲ್ಲಯ್ಯಂದು."

"ಮಲ್ಲಯ್ಯಂದಿರಲಿ, ಎಲ್ಲಯ್ಯಂದಿರಲಿ, ಪುಡಿ ಒಳಗ ಬಿಡಂಗಿಲ್ಲ."

ಆದರೂ ನಾನು ಬಸ್ಸಿನ ಕಂಡಕ್ಟರಾಗಿದ್ದವನಲ್ಲವೇ, ಎಂಥೆಂಥ ಸಂದಿಯಲ್ಲೂ ನುಸುಳಿದವನು! ಹಣೆಗೆ ದಪ್ಪಗೆ ಬಳಿದುಕೊಂಡೇ ಒಳಗೆ ಹೋದೆ. ಹಣೆ ಬಿಚ್ಚಿಟ್ಟು ಹೋಗು ಎನ್ನಲು ಅವನಿಗೆ ಆಗಲಿಲ್ಲ. ಜಾಳಿಗೆಯ ಆಚೆ ದುಂಡೇಶ. ನನ್ನ ಹಣೆ ನೋಡಿ ಮೊದಲ ಸಲ ನಕ್ಕ. "ಬಿಡಪಾ ಕೂಸ, ಆಣಿ ಮುಗೀತು, ಮುಷ್ಟಿ ಬಿಚ್ಚು" ಎಂದೆ. ಅವನು ಮೆಲ್ಲಗೆ ಹೇಳಿದ, "ಮಾಮಾ, ಇದು ನೀ ಕೊಟ್ಟಿದ್ದಲ್ಲ. ಅಪ್ಪಾಂದು. ಚೆಲ್ಲಿದ್ರ ಅಪ್ಪಾಗ ಬಡೀತೈತಿ."

ಕೇಳಿದಿರಾ? ತನಗೆ ಏನಾಗುತ್ತದೆಂದು ಅಂಜಿ ಹಿಡಿದಿಲ್ಲ ಅವನು. ನಿಮಗೆ ಕೆಡುಕಾಗಬಾರದೆಂದು ಹಿಡಿದಿದ್ದಾನೆ.

ಧಾರವಾಡದ ಮಾತನ್ನೂ ನೀಲಮಳಿಗೆ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. "ಮಾಮಾ, ವಿಚಾರಣಿ ನಿಂತಾವರು ಎಷ್ಟೋ ಮಂದಿ ಒಳಗ ಉಳದಾರ, ಖರೆ ಐತಿ. ಆದ್ರ ಕಾಯ್ದೇದಾಗ ಬಿಡೂ ದಾರಿ ಐತಿ. ವಾರ್ಡಿನ್ಯಾಗ ಇರೂ ಜರೂರ ಇಲ್ಲ ಅಂತ ಡಾಕ್ಟರ್ ಬರದ್ರ, ನಾ ಔಷಧ ಕೊಡಸತೀನಿ, ಯಾರಿಗೂ ತ್ರಾಸ ಆಗದಂಗ ನೋಡಕೋತೀನಿ ಅಂತ ಸಂಬಂಧಿಕರು ಬರಕೊಟ್ರ, ಮನೀಗ ಕಳಸಬಹುದು. ಒಳಗ ಉಳದಾವರ ಪೈಕಿ ಭಾಳ ಮಂದಿಗೆ ಬರಕೊಡಾವರ ಬಂದಿಲ್ಲ" ಎಂದಳು.

ದಾಜಿ, ಒಂದು ಮಾತು ಕೇಳುತ್ತೇನೆ, ಉತ್ತರ ನನಗೆ ಬರೆಯಬೇಡಿ. ನಿಮ್ಮ ಅಣ್ಣನನ್ನು ಕರೆತರಲು ಯಾರು ಹೋಗಿದ್ದರು?

ಇದೇ ಇಪ್ಪತ್ತಕ್ಕೆ ತಾರೀಖು ಇದೆ. ಅಂದು ಇವನು ಮತ್ತೆ "ಬರೋಬರ ಅದೀನಿ, ತಪ್ಪಾತು" ಎಂದರೆ ಸಾಹೇಬರು ಎಷ್ಟು ಸಲ ಕೇಳಿಯಾರು? ಆಣೆ ಕೊಟ್ಟವರೇ ಬಿಡಿಸಬೇಕು. ಇದು ಕಾಯ್ದೆಯಲ್ಲಿ ಇಲ್ಲ, ಮಲ್ಲಯ್ಯನ ಕಡೆಯದು. ನಿಮಗೆ ನಾನು ಹೇಳಿಕೊಡಬೇಕೆ?

ಮುರಗೆಪ್ಪ


ಕಬ್ಬೂರ
೧೨ ಫೆಬ್ರುವರಿ ೨೦೨೫

ಮುರಗೆಪ್ಪನವರಿಗೆ,

ಆ ವಕೀಲ ಹುಡುಗಿಯನ್ನು ಕೇಳಿ ಬರೆಯಿರಿ. ಧಾರವಾಡಕ್ಕೆ ಕಳಿಸಿದರೆ ಜೊತೆಯಲ್ಲಿ ಮನೆಯವರು ಹೋಗಬಹುದೇ? ಅಲ್ಲಿ ಇರಬಹುದೇ? ಕರೆತರಲು ಯಾರು ಯಾವಾಗ ಹೋಗಬೇಕೆಂದು ಯಾರು ತಿಳಿಸುತ್ತಾರೆ? ತಿಳಿಸದಿದ್ದರೆ ನಾವೇ ಹೋಗಿ ಕೇಳಬಹುದೇ?

ನಾನು ಬರುತ್ತೇನೆ ಎಂದು ಇದರ ಅರ್ಥವಲ್ಲ.

ಬಾಬಾಸಾಹೇಬ


ಮಂಗಸೂಳಿ
೧೪ ಫೆಬ್ರುವರಿ

ದಾಜಿ,

ಹೋಗಬಹುದು! ವಾರ್ಡಿನ ಒಳಗೆ ಮಲಗಲು ಬಿಡಲಿಕ್ಕಿಲ್ಲ, ಭೇಟಿಯ ಹೊತ್ತಿಗೆ ನೋಡಬಹುದು. ಯಾರೂ ತಿಳಿಸದಿದ್ದರೂ ಹೋಗಿ ಕೇಳಬಹುದು, ಕೇಳುವುದು ನಿಮ್ಮ ಹಕ್ಕು. (ಇಲ್ಲಿ ನೀಲಮ ಮತ್ತೆ ಫೈಲು ಗುದ್ದಿದಳು. ಈ ಸಲ ಚಹಾ ನಾನು ಎತ್ತಿ ಹಿಡಿದಿದ್ದೆ.) ಇಪ್ಪತ್ತನೇ ತಾರೀಖು, ಗುರುವಾರ, ಮುಂಜಾನೆ. ಭಂಡಾರ ನೀವು ತರುವುದು ಬೇಡ. ಅದು ಅಲ್ಲೇ ಇದೆ.

ಮುರಗೆಪ್ಪ


ಚಿಕ್ಕೋಡಿ ಬಸ್ ನಿಲ್ದಾಣ
೨೦ ಫೆಬ್ರುವರಿ ೨೦೨೫

ತಂಗಿ ಗಿರಿಜವ್ವಾ,

ನಿನ್ನ ಗಂಡ ಮನೆಗೆ ಬಂದು "ಆತು" ಎಂದು ಒಂದೇ ಮಾತು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಅದಕ್ಕೇ ಪೂರಾ ಕಥೆಯನ್ನು ನಾನು ಇಲ್ಲೇ ಬೆಂಚಿನ ಮೇಲೆ ಕೂತು ಬರೆದು, ಕಬ್ಬೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ. ತೊಡೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಕುಣಿಯಲಿ.

ಮುಂಜಾನೆ ಕೋರ್ಟು ತುಂಬಿತ್ತು. ದಾಜಿ ಇಲ್ಲ. ನೀಲಮ ಬಾಗಿಲಿಗೆ ಮೂರು ಸಲ ಓಡಿ ಬಂದಳು. "ಮಾಮಾ, ನಿಮ್ಮ ದಾಜಿ ಹೂವಿನ ಪಲ್ಲಕ್ಕಿ ಕಳಿಸಿದ್ರ ಬರಾವರೇನು?" ಎಂದು ನನ್ನನ್ನೇ ತಿವಿದಳು. ದುಂಡೇಶನ ಹೆಸರು ಕೂಗಿದರು. ಹುಡುಗ ಬಂದು ನಿಂತ, ಎದೆಯ ಮೇಲೆ ಮುಷ್ಟಿ. ಸಾಹೇಬರು, "ನಿನ್ನ ಮ್ಯಾಲಿನ ಆಪಾದನೆ ತಿಳಿದೈತೇನಪಾ?" ಎಂದು ಕೇಳಿದರು. ಅವನು "ನಾ ಬರೋ..." ಎನ್ನುವುದಕ್ಕೂ ಬಾಗಿಲಲ್ಲಿ ದನಿ ಕೇಳುವುದಕ್ಕೂ ಸರಿಹೋಯಿತು.

"ದುಂಡೂ, ತಡಿ!"

ನಿನ್ನ ಗಂಡ! ತಲೆಗೆ ಪಟಗ, ಹೆಗಲಿಗೆ ಟಾವೆಲ್ಲು, ಕಾಲಿಗೆ ತೋಟದ ಮಣ್ಣು. ಶಿಪಾಯಿ ತಡೆದ. ನೀಲಮ ಎದ್ದು ಸಾಹೇಬರಿಗೆ, "ಆರೋಪಿಯ ತಂದಿ ಬಂದಾರ್ರಿ. ಒಂದು ನಿಮಿಷ ಮಗನ ಹತ್ರ ಹೋಗಾಕ ಪರವಾನಗಿ ಬೇಕ್ರಿ" ಎಂದಳು.

"ಯಾತಕ್ಕ?"

ನೀಲಮ ಹೇಳಲು ಬಾಯಿ ತೆರೆದಳು, ದಾಜಿಯೇ ಮುಂದೆ ಬಂದರು. ಅಷ್ಟು ಜನರ ಮುಂದೆ, ನಿಮ್ಮೂರಿನವರೂ ಇಬ್ಬರು ಅಲ್ಲಿದ್ದರು ತಂಗಿ, ಗಟ್ಟಿಯಾಗಿ ಹೇಳಿದರು: "ಸಾಹೇಬ್ರ, ನನ್ನ ಮಗಾ ಬರೋಬರ ಇಲ್ರಿ. ಭಾಳ ದಿವಸದಿಂದ ಇಲ್ಲ. ಅಂವಗ ದನಿ ಕೇಳಸತಾವು. ಹೇಳಬ್ಯಾಡ ಅಂತ ನಾನ ಭಂಡಾರ ಕೊಟ್ಟು ಆಣಿ ಹಾಕಿದ್ದೆ. ಅದನ್ನ ತಿರುಗಿ ತುಗೋಬೇಕು."

ಯಾರೂ ನಗಲಿಲ್ಲ. ಸಾಹೇಬರು ಕನ್ನಡಕ ತೆಗೆದು ಕೆಳಗಿಟ್ಟರು. "ಹೋಗ್ರಿ" ಎಂದರು.

ದಾಜಿ ಟಾವೆಲ್ಲನ್ನು ಎರಡೂ ಅಂಗೈಗಳ ಮೇಲೆ ಹಾಸಿ ಮಗನ ಮುಂದೆ ಹಿಡಿದರು. "ತಾ ಮಗನ, ನಂದು ನನಗ ಕೊಡು. ನಿನ್ನ ಆಣಿ ಮುಗೀತು." ಹುಡುಗ ಅವರ ಮುಖ ನೋಡಿದ. ಎಡಗೈಯಿಂದ ಬೆರಳು ಒಂದೊಂದಾಗಿ ಬಿಚ್ಚಿದ, ಬಿಗಿದು ಬಿಗಿದು ತಾವಾಗಿ ಬಿಚ್ಚಲಾರದಂತೆ ಆಗಿದ್ದವು. ಉಗುರು ಚುಚ್ಚಿದ ಗುರುತು, ಬೆಳ್ಳಗಾದ ಚರ್ಮ. ಒಳಗೆ ಏನೂ ಇರಲಿಲ್ಲ ತಂಗಿ. ಎಂದೋ ಬೆವರಿನಲ್ಲಿ ಕರಗಿ ಹೋಗಿತ್ತು. ಆದರೂ ಅವನು ಕೈಯನ್ನು ಓರೆ ಮಾಡಿ, ಸಾವಕಾಶ, ಒಂದು ಕಣವೂ ಚೆಲ್ಲದಂತೆ ಟಾವೆಲ್ಲಿಗೆ ಸುರಿದ. ನಿನ್ನ ಗಂಡನೂ, ಒಂದು ಕಣವೂ ಚೆಲ್ಲದಂತೆ, ನಾಲ್ಕೂ ಮೂಲೆ ಕೂಡಿಸಿ ಗಂಟು ಹಾಕಿ ಕಣ್ಣಿಗೆ ಒತ್ತಿಕೊಂಡರು.

ನಾನು ತಡೆಯಲಾರದೆ "ಏಳಕೋಟಿ ಏಳಕೋಟಿ!" ಎಂದು ಮಲ್ಲಯ್ಯನಿಗೆ ಜಯಕಾರ ಕೂಗಿಬಿಟ್ಟೆ. ಶಿಪಾಯಿ ನನ್ನನ್ನು ತೋಳು ಹಿಡಿದು ಹೊರಗೆ ಹಾಕಿದ. ಮುಂದಿನದನ್ನೆಲ್ಲ ಕಿಟಕಿಯಿಂದ ನೋಡಿದೆ.

ಹುಡುಗ ಮಾತಾಡಿದ! ಎತ್ತುಗಳು "ಕೊರಳ ಉರಿಯಾಕತ್ತೈತಿ" ಎಂದು ಅವನನ್ನು ಹೆಸರು ಹಿಡಿದು ಕರೆದದ್ದು, ಗೋಡೆಯ ಒಳಗಿನಿಂದ ಯಾರೋ ಬೈಯುವುದು, ನಿದ್ದೆ ಬಾರದ್ದು, ಎಲ್ಲ. "ಇದು ಯಾವ ಜಾಗಾ ಗೊತ್ತೈತೇನು?" ಎಂದು ಸಾಹೇಬರು ಕೇಳಿದರೆ, "ಪಾಸ್ ಮಾಡಿಕೊಡೂ ಆಫೀಸ್ರಿ, ಎತ್ತುಗೂಳ ಪಾಸ್" ಎಂದ. ಅವರು ಬಹಳ ಹೊತ್ತು ಬರೆಸಿದರು. ಧಾರವಾಡದಲ್ಲಿ ಇಟ್ಟುಕೊಂಡು ನೋಡಿ ವರದಿ ಕೊಡಲಿ, ಅಲ್ಲಿಯವರೆಗೆ ವಿಚಾರಣೆ ಮುಂದೆ ಹೋಗಕೂಡದು ಎಂದು.

ಧಾರವಾಡ ಎಂದ ಕೂಡಲೇ ದಾಜಿಯ ಮುಖ ನೋಡಿದೆ. ಗಂಟನ್ನು ಬಿಗಿಯಾಗಿ ಹಿಡಿದಿದ್ದರು.

ಬಸ್ಸು ಹೊರಟಿತು, ಇಷ್ಟಕ್ಕೆ ನಿಲ್ಲಿಸುತ್ತೇನೆ. ಅವರಿಗೆ ಎರಡು ಜೊತೆ ಬಟ್ಟೆ ಕಟ್ಟಿಡು. ಕೇಳಿದರೆ ಕೊಡು, ಕೇಳದಿದ್ದರೂ ಕೊಡು.

ನಿನ್ನ ಅಣ್ಣ
ಮುರಗೆಪ್ಪ


ಧಾರವಾಡ
೮ ಮಾರ್ಚ್ ೨೦೨೫

ಮುರಗೆಪ್ಪಾ,

ಇಲ್ಲಿ ಆಸ್ಪತ್ರೆಯ ಹತ್ತಿರ ಒಂದು ಛತ್ರದಲ್ಲಿ ಇದ್ದೇನೆ. ದಿನಾ ಭೇಟಿಯ ಹೊತ್ತಿಗೆ ಹೋಗುತ್ತೇನೆ. ಮೊದಲ ದಿನ ನಾನು ಗೇಟಿನಿಂದ ಎದ್ದು ಹೋಗಲಿಲ್ಲ. ಒಬ್ಬ ನರ್ಸಬಾಯಿ ಬಂದು, "ಅಜ್ಜಾ, ಇವತ್ತಿಂದು ಮುಗೀತು, ಮನೀಗ ಹೋಗ್ರಿ" ಎಂದಳು. "ನಾಳೆ ಬಂದ್ರ ಇರತಾನಲ್ರಿ?" ಎಂದು ಕೇಳಿದೆ. ಅವಳಿಗೆ ನಗು ಬಂತು, ಆಮೇಲೆ ನನ್ನ ಮುಖ ನೋಡಿ ನಗಲಿಲ್ಲ. "ಇರತಾನ್ರಿ" ಎಂದಳು. ಮರುದಿನ ಇದ್ದ.

ನಿದ್ದೆ ಮಾಡುತ್ತಾನೆ. ನಿನ್ನೆ ನನಗೆ, "ಅಪ್ಪಾ, ಸಮಾಧಾನಂದು ಎತ್ತು ಸತ್ತೈತಲ್ಲ?" ಎಂದು ಕೇಳಿದ. ಹೌದು ಎಂದೆ. ಬಹಳ ಅತ್ತ. ಡಾಕ್ಟರಿಗೆ ಹೇಳಿದರೆ ಅದು ಒಳ್ಳೆಯದೇ ಎಂದರು. ನನಗೂ ಹಾಗೇ ಅನಿಸಿತು.

ಇಲ್ಲಿಯ ಹಳೆಯ ಕಟ್ಟಡದ ಮುಂದೆ ಒಂದು ಹುಣಸೆಮರ ಇದೆ. ಅಣ್ಣ ಅದನ್ನು ನೋಡಿರಬೇಕು.

ಬಾಬಾಸಾಹೇಬ


ಕಬ್ಬೂರ
೯ ಏಪ್ರಿಲ್ ೨೦೨೫

ಮುರಗೆಪ್ಪಾ,

ನಿನಗೆ ಮಂಡಿನೋವು, ಇಂದು ಕೋರ್ಟಿಗೆ ಬರಲಾಗಲಿಲ್ಲ ಎಂದು ಗಿರಿಜಾ ಹೇಳಿದಳು. ಈ ಸಲ ಕಥೆ ನಾನೇ ಬರೆಯಬೇಕು. ನಿನ್ನಷ್ಟು ಬಣ್ಣ ಹಚ್ಚಲು ಬರುವುದಿಲ್ಲ.

ವರದಿ ಬಂದಿತ್ತು. ಸದ್ಯಕ್ಕೆ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲ, ವಾರ್ಡಿನಲ್ಲಿ ಇಡುವ ಅಗತ್ಯವೂ ಇಲ್ಲ, ಔಷಧ ತಪ್ಪಬಾರದು ಎಂದು. ಕೇಸು ಮುಗಿದಿಲ್ಲ, ನಿಂತಿದೆ. ಅವನು ಗಟ್ಟಿಯಾದ ದಿನ ತಾನೇ ನಿಂತು ಉತ್ತರ ಹೇಳಬೇಕು. ಹೇಳುತ್ತಾನೆ ಎಂದು ನೀಲಮ ಹೇಳಿದಳು.

ಸಾಹೇಬರು ಕೇಳಿದರು, "ಇವರ ಜವಾಬ್ದಾರಿ ಯಾರು ತುಗೋತೀರಿ?" ಏನೇನು ಹೇಳಬೇಕೆಂದು ನೀಲಮ ಕಲಿಸಿಕೊಟ್ಟಿದ್ದಳು, ಎಲ್ಲ ಮರೆತುಹೋಯಿತು. "ಕರಕೊಂಡ ಹೋಗಾಕ ಬಂದೀನ್ರಿ" ಎಂದೆ. ಸಾಹೇಬರು ಸಹಿಗೆ ಜಾಗ ತೋರಿಸಿದರು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕೂತ. ನಾನು ಈಚೆ ಕಡೆ. ಕಬ್ಬೂರಿನಲ್ಲಿ ಇಳಿದಾಗ ಕಟ್ಟೆಯ ಮೇಲಿನವರು, "ಯಾವಾಗ ಬಿಟ್ರೋ ದುಂಡ್ಯಾ? ಆರಾಮ ಆದೇನ?" ಎಂದರು. ನಾನು ಉತ್ತರ ಕೊಡಲು ಹೋದೆ. ಅವನೇ ಹೇಳಿದ, "ಇನ್ನೂ ಪೂರಾ ಇಲ್ಲೋ ಕಾಕಾ. ಔಷಧ ತುಗೊಳ್ಳಾಕತ್ತೀನಿ." ಕಟ್ಟೆಯವರು ಸರಿದು ಅವನಿಗೆ ಕೂಡಲು ಜಾಗ ಮಾಡಿದರು.

ಆ ಟಾವೆಲ್ಲಿನ ಗಂಟು ದೇವರ ಜಗುಲಿಯ ಮೇಲಿದೆ. ಬಿಚ್ಚಿಲ್ಲ. ಗಿರಿಜಾ ಒಗೆಯಲು ಕೇಳಿದಳು, ಕೊಡಲಿಲ್ಲ.

ಈಗ ಅಡುಗೆಮನೆಯಲ್ಲಿ ಹುಗ್ಗಿ ಇಳಿಸಿದ್ದಾಳೆ. ಅವನು ತಟ್ಟೆಯ ಮುಂದೆ ಕೂತು ಬಲಗೈ ತೊಳೆದುಕೊಂಡಿದ್ದಾನೆ, ಉಣ್ಣುತ್ತಿಲ್ಲ. ಯಾಕೆ ಎಂದರೆ, ಮಾಮಾ ಬರಲಿ ಎನ್ನುತ್ತಾನೆ. ನಿನ್ನ ಮಂಡಿಯ ವಿಷಯ ಹೇಳಿದೆ, ಕೇಳುವುದಿಲ್ಲ. ಕಡೆಗೆ, ಇಂದು ನೀನು ಉಣ್ಣು, ಮಾಮಾನ ತಟ್ಟೆ ನಾಡಿದ್ದು ಹಾಕೋಣ ಎಂದು ಒಪ್ಪಿಸಿದ್ದೇನೆ.

ನಾಡಿದ್ದು ಬಾ. ಮೊದಲು ಫೋನು ಮಾಡು, ಬಸ್ಸಿಗೆ ಗಾಡಿ ತರುತ್ತೇನೆ. ಫೋನು ಈ ಸಲ ಎತ್ತುತ್ತೇನೆ.

ನಿನ್ನ
ಬಾಬಾಸಾಹೇಬ